ಚೊಗರು ಕುಡಿದ ರೈಲು

ಗಂಡಸಿನ ನಿಜವಾದ ಸುತ್ತಳತೆ ಗೊತ್ತಿರುವುದು ಇಬ್ಬರಿಗೆ ಮಾತ್ರ, ಅವನ ಹೆಂಡತಿಗೆ ಮತ್ತು ಅವನ ದರ್ಜಿಗೆ. ನರಸಿಂಹರಾಜಪುರದ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಯಶವಂತ ಟೈಲರ್ಸ್ ಎಂದು ಬೋರ್ಡು ಹಾಕಿಕೊಂಡು ಕೂತಿರುವ ನಾನು, ಪಕ್ಕದ ಮನೆಯ ರೇಣುಕಪ್ಪನ ಸುತ್ತಳತೆಯನ್ನು ಅವನ ಮದುವೆಯ ಕಾಲದಿಂದಲೂ ಬಲ್ಲೆ. ಹಾಗಾಗಿ ಅವನು ಒಂದು ಬೆಳಿಗ್ಗೆ ಅಂಗಡಿಗೆ ಬಂದು, ಎದೆ ಉಬ್ಬಿಸಿ ನಿಂತು, "ಯಶವಂತ, ರೈಲ್ವೆ ಗಾರ್ಡಿನ ಕೋಟು ಒಂದು ಹೊಲಿ. ಎದೆ ನಲವತ್ತೆರಡು" ಎಂದಾಗ, ನಾನು ಟೇಪನ್ನು ಮುಟ್ಟದೆಯೇ ಹೇಳಿದೆ:

"ಮೂವತ್ತೆಂಟು ಮಾರಾಯ. ಉಸಿರು ಬಿಡು."

"ಬಿಡೋ ಹಾಗಿಲ್ಲ. ಇನ್ಮೇಲೆ ಇದೇ ಅಳತೆ," ಎಂದ ಅವನು, ಉಸಿರು ಬಿಗಿಹಿಡಿದೇ.

ಅವನ ಮುಖ ಕೆಂಪಾಗುವುದನ್ನು ನೋಡಲಾರದೆ ನಲವತ್ತೆರಡನ್ನೇ ಬರೆದುಕೊಂಡೆ. ಆ ಕೋಟಿನಲ್ಲಿ ಹೆಚ್ಚಾಗಿ ಉಳಿದ ಜಾಗವನ್ನು ಮನುಷ್ಯ ಹೇಗೆ ತುಂಬಿದ ಎನ್ನುವುದೇ ಈ ಕಥೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ದೀಪ ಹಿಡಿದು ಹುಡುಕಿದರೂ ಇವತ್ತು ಒಂದು ರೈಲು ಸಿಗುವುದಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮಾತ್ರ ತರೀಕೆರೆ ಕಡೆಯಿಂದ ಕಾಡಿನ ನಡುವೆ ಒಂದು ಪುಟ್ಟ ರೈಲು ನಮ್ಮೂರಿಗೆ ಬರುತ್ತಿತ್ತು. ಅದು ನಿಂತ ಮೇಲೆ ಅದರ ಹಳಿಗಳು ಯಾರ್ಯಾರದೋ ಮನೆಯ ತೊಲೆಗಳಾದವು, ಬಚ್ಚಲಲ್ಲಿ ಹಂಡೆಗೆ ಆಸರೆಯಾದವು. ರೈಲನ್ನು ಇಡಿಯಾಗಿ ಮನೆಗಳೊಳಗೆ ಸೇರಿಸಿಕೊಂಡು ಸುಮ್ಮನಿದ್ದ ಊರು ನಮ್ಮದು.

ನಮ್ಮ ನೆಮ್ಮದಿ ಕೆಡಿಸಿದವನು ಶೃಂಗೇರಿ ತಾಲ್ಲೂಕು ಅಡ್ಡಗದ್ದೆಯ ತಿಮ್ಮಪ್ಪ. ಗದ್ದೆ, ತೋಟ ಎಲ್ಲ ಇದ್ದ ಮನುಷ್ಯ, ಆದರೆ ಹುಟ್ಟಿನಿಂದ ರೈಲಿನ ಹುಚ್ಚು. ಮೂರು ತಾಲ್ಲೂಕುಗಳಿಂದಲೂ ತನ್ನಂಥವರನ್ನು ಆರಿಸಿ ಪುಟ್ಟ ರೈಲು ಸಂಘ ಕಟ್ಟಿದ. ನಮ್ಮೂರ ಹೊರಗೆ ಹಳೆಯ ಮರದ ಡಿಪೋದಿಂದ ಗುಡ್ಡದ ಕಾಡಿನೊಳಕ್ಕೆ ಕಿರಿದಾದ ಹಳಿ ಹಾಕಿಸಿದ. ಯಾವುದೋ ಸಕ್ಕರೆ ಕಾರ್ಖಾನೆಯ ಹಿತ್ತಲಲ್ಲಿ ಕಬ್ಬು ಎಳೆದು ಸುಸ್ತಾಗಿ ಮಲಗಿದ್ದ ಉಗಿ ಎಂಜಿನ್ ಒಂದನ್ನು ಕೈಕಾಲು ಹಿಡಿದು ಕೇಳಿ ತಂದ. ಎಂಜಿನ್ ಎಂದರೆ ಎರಡು ಎಮ್ಮೆಯಷ್ಟು ಉದ್ದ, ಅದರ ಹಿಂದೆ ಬದಿಗೆ ಗೋಡೆಯಿಲ್ಲದ ಎರಡು ಡಬ್ಬಿ. ಹೋಗಿ ಬರಲು ಒಂದು ಎಲೆಯಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಸಾಕು.

ಎಂಜಿನ್ ಕೊಟ್ಟವರದ್ದು ಒಂದೇ ಷರತ್ತು. ಬಾಯ್ಲರ್ ಪರೀಕ್ಷೆ ಮಾಡುವ ಸಾಹೇಬರು ಬಂದು ನೋಡಿ, ಓಡಬಹುದು ಎನ್ನಬೇಕು. ಇಲ್ಲದಿದ್ದರೆ ತಂದ ಲಾರಿಯಲ್ಲೇ ವಾಪಸು.

ಈ ಸಂಘದ ಮೊದಲ ಸಭೆ ನಡೆದದ್ದು ನಮ್ಮ ರಸ್ತೆಯ ಹೋಟೆಲಿನಲ್ಲಿ. ತಿಮ್ಮಪ್ಪ ಚಹಾದ ಲೋಟ ಕೆಳಗಿಟ್ಟು, ಭಾವುಕನಾಗಿ ಕೇಳಿದ: "ಆ ಹಳೇ ರೈಲಿನಲ್ಲಿ ಕೆಲಸ ಮಾಡಿದವರ ಕುಡಿ ಅಂತ ಈ ಊರಲ್ಲಿ ಯಾರೂ ಉಳಿದಿಲ್ವಾ?"

ಯಾರೂ ಮಾತಾಡಲಿಲ್ಲ. ಮಾತಾಡದಿದ್ದರೆ ರೇಣುಕಪ್ಪನಿಗೆ ಹೊಟ್ಟೆನೋವು ಬರುತ್ತದೆ. "ನಮ್ಮಜ್ಜ ಗಾರ್ಡ್ ಆಗಿದ್ರು," ಎಂದುಬಿಟ್ಟ.

ತಿಮ್ಮಪ್ಪ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ರೇಣುಕಪ್ಪ ಅಲ್ಲೇ, ಆ ಕ್ಷಣವೇ, ಗಾರ್ಡ್ ಆದ. ಹೋಟೆಲಿನವನು ಅವನ ಚಹಾದ ಜೊತೆ ಒಂದು ಬೋಂಡವನ್ನೂ ತಂದಿಟ್ಟ.

ನಿಜ ಏನೆಂದರೆ, ಅವನ ಅಜ್ಜನಿಗೂ ರೈಲಿಗೂ ಸಂಬಂಧ ಇದ್ದದ್ದು ಹೌದು. ಅವರು ತಮ್ಮ ಎಮ್ಮೆಯನ್ನು ಸಿಗ್ನಲ್ ಕಂಬಕ್ಕೆ ಕಟ್ಟುತ್ತಿದ್ದರು. ಇದನ್ನು ನನಗೆ ಹೇಳಿದವರು ಬಾಳೆಹೊನ್ನೂರಿನ ಯಮುನಮ್ಮ, ರೇಣುಕಪ್ಪನ ಹೆಂಡತಿ ದಾಕ್ಷಾಯಣಮ್ಮನ ಅಕ್ಕ. ರೇಣುಕಪ್ಪನ ವಂಶದ ಬಗ್ಗೆ ಅವನಿಗಿಂತ ಹೆಚ್ಚು ತಿಳಿದುಕೊಂಡವರು, ತಿಳಿದದ್ದನ್ನು ಇಟ್ಟುಕೊಂಡವರಲ್ಲ.

ಸುಳ್ಳು ಹೇಳಿದವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಯಾಕೆ ಹಾಗೆ ಹೇಳಿದ ಎಂದು ನನಗೆ ಗೊತ್ತಿತ್ತು.

ಮದುವೆಯಾದ ಹೊಸದರಲ್ಲಿ ರೇಣುಕಪ್ಪ ಹೆಂಡತಿಯನ್ನು ಹುಬ್ಬಳ್ಳಿಗೆ ರೈಲಿನಲ್ಲಿ ಕರೆದುಕೊಂಡು ಹೊರಟಿದ್ದ. ಅವಳು ಮೊದಲ ಸಲ ರೈಲು ಹತ್ತಿದ್ದು. ಹರಿಹರದಲ್ಲಿ ಗಾಡಿ ನಿಂತಾಗ, "ನೀರು ತರ್ತೀನಿ" ಎಂದು ಹಿತ್ತಾಳೆ ಚೊಂಬು ಹಿಡಿದು ಇಳಿದ. ನಲ್ಲಿಯ ಹತ್ತಿರ ಯಾರೋ ಅಡಿಕೆ ಧಾರಣೆ ವಿಚಾರಿಸಿದರು. ಇವನು ವಿವರಿಸಿದ. ವಿವರಣೆ ಮುಗಿಯುವ ಹೊತ್ತಿಗೆ ರೈಲೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ದಾಕ್ಷಾಯಣಮ್ಮ ಬುದ್ಧಿವಂತೆ, ಮುಂದಿನ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಬೆಂಚಿನ ಮೇಲೆ ಕೂತು ಕಾದಳು. ರೇಣುಕಪ್ಪನೂ ತಡಮಾಡಲಿಲ್ಲ, ಹಿಂದೆಯೇ ಬಂದ ರೈಲು ಹತ್ತಿದ. ಆದರೆ ಆ ರೈಲು ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲುವ ಜಾತಿಯದ್ದಲ್ಲ. ಹೊಸ ಸೀರೆಯ ಮದುಮಗಳು ಬೆಂಚಿನಿಂದ ಎದ್ದು ನಿಂತು ನೋಡುತ್ತಿದ್ದ ಹಾಗೆಯೇ, ಅವಳ ಗಂಡ ಕಿಟಕಿಯಿಂದ ತುಂಬಿದ ಚೊಂಬನ್ನು ಅಲ್ಲಾಡಿಸುತ್ತಾ ಹುಬ್ಬಳ್ಳಿ ಕಡೆ ಹೊರಟುಹೋದ.

ಅವತ್ತಿನಿಂದ ದಾಕ್ಷಾಯಣಮ್ಮ ರೈಲು ಹತ್ತಿಲ್ಲ. ಜಗಳ ಆಡಲಿಲ್ಲ, ಅಳಲಿಲ್ಲ, ಬಸ್ಸಿನಲ್ಲಿ ಮಾತ್ರ ಓಡಾಡಿದಳು. ಆ ಚೊಂಬನ್ನು ದೇವರ ಮನೆಯ ಪಕ್ಕದ ಗೂಡಿನಲ್ಲಿ ಎದ್ದು ಕಾಣುವ ಹಾಗೆ ಇಟ್ಟಳು. ರೇಣುಕಪ್ಪ ದಿನಾ ಕೈಮುಗಿಯುವಾಗ ಅದಕ್ಕೂ ಮುಗಿದ ಹಾಗೆ ಆಗುತ್ತಿತ್ತು.

"ಯೋಚನೆ ಮಾಡು ಯಶವಂತ," ಎಂದ ರೇಣುಕಪ್ಪ, ಕೋಟಿನ ಅಳತೆ ಕೊಡುತ್ತಾ. "ಗಾರ್ಡು ಹಸಿರು ಬಾವುಟ ತೋರಿಸದೆ ರೈಲು ಹೊರಡಲ್ಲ. ನಾನೇ ಗಾರ್ಡು ಅಂದ್ಮೇಲೆ ರೈಲು ನನ್ನನ್ನ ಬಿಟ್ಟು ಹೋಗೋದು ಹೆಂಗೆ? ಒಂದ್ಸಲ ಅವಳನ್ನ ಕೂರಿಸಿ ಕರ್ಕೊಂಡು ಹೋಗಿ ಬಂದ್ರೆ ಸಾಕು. ಆ ಚೊಂಬು ಗೂಡಿಂದ ಇಳಿಯುತ್ತೆ."

ನನಗೆ ತರ್ಕ ಸರಿ ಎನಿಸಿತು. ದಾಕ್ಷಾಯಣಮ್ಮನಿಗೆ ಅನಿಸಲಿಲ್ಲ. "ನೀವು ರೈಲಲ್ಲಿ ಇರ್ತೀರಿ, ಸರಿ. ನಾನೆಲ್ಲಿರ್ತೀನೋ ಯಾರಿಗೆ ಗೊತ್ತು?" ಎಂದು ಕೇಳಿದಳು. ಆಮೇಲೆ ಅವನ ಮುಖ ನೋಡಿ ಪಾಪ ಎನಿಸಿರಬೇಕು. "ಬರ್ತೀನಿ. ಹತ್ತೋದು ಬಿಡೋದು ಅಲ್ಲಿ ನೋಡಿ ಹೇಳ್ತೀನಿ," ಎಂದಳು.

ಪರೀಕ್ಷೆಯ ದಿನ ಬಂತು. ಅಡಿಕೆ ಕೊಯ್ಲಿನ ಭರದ ಕಾಲ. ಆದರೂ ಮೂರು ತಾಲ್ಲೂಕಿನ ಜನ ಡಿಪೋದಲ್ಲಿ ನೆರೆದಿದ್ದರು. ನೆರೆದವರು ಮೊದಲು ಮಾಡಿದ ಕೆಲಸ ಎಂಜಿನ್ನಿನ ಮೇಲೆ ಯಾವ ತಾಲ್ಲೂಕಿನ ಹೆಸರು ಮೊದಲು ಬರೆಯಬೇಕು ಎಂದು ಜಗಳ ತೆಗೆದದ್ದು. ಕೊಪ್ಪದವರು ಡ್ರೈವರು ನಮ್ಮವನು ಎಂದರು, ಶೃಂಗೇರಿಯವರು ಕನಸು ನಮ್ಮದು ಎಂದರು, ನಾವು ನೆಲ ನಮ್ಮದು ಎಂದೆವು. ಕೊಪ್ಪ ತಾಲ್ಲೂಕಿನ ಬಾಳಗಡಿಯಲ್ಲಿ ಟ್ರ್ಯಾಕ್ಟರು ರಿಪೇರಿ ಮಾಡುವ ವಿಘ್ನೇಶನೇ ಡ್ರೈವರು. ಅವನು ಇದ್ಯಾವುದಕ್ಕೂ ಕಿವಿಗೊಡದೆ ಬೆಂಕಿಗೆ ಸೌದೆ ಒಟ್ಟುತ್ತಿದ್ದ.

ಬಾಯ್ಲರ್ ಸಾಹೇಬರು ಬಯಲುಸೀಮೆಯವರು. ಬಿಳಿ ಅಂಗಿ, ಬಿಳಿ ಪ್ಯಾಂಟು. ಹೊಲಿಗೆ ಬಹಳ ಚೆನ್ನಾಗಿತ್ತು, ಕಾಲರು ನೋಡಿ ನಾನು ಮನಸ್ಸಿನಲ್ಲೇ ಆ ದರ್ಜಿಗೆ ನಮಸ್ಕಾರ ಹೇಳಿದೆ. ಅವರು ಎಂಜಿನ್ನಿನ ಸುತ್ತ ತಿರುಗಿ, ಅಲ್ಲಲ್ಲಿ ಕುಟ್ಟಿ ನೋಡಿ, "ಬಾಯ್ಲರಲ್ಲಿ ನೀರು ಕಡಿಮೆಯಾಗ್ತಿದೆ. ಟ್ಯಾಂಕ್ ತುಂಬಿಸ್ಕೊಳ್ಳಿ" ಎಂದರು.

ತಿಮ್ಮಪ್ಪ ಪಂಪು ಹಾಕಲು ಓಡಿದ. ಕರೆಂಟು ಇರಲಿಲ್ಲ.

"ಈಗ ಎಂತ ಮಾಡೋದು ಮಾರಾಯ?" ಎಂದು ಅವನು ತಲೆಯ ಮೇಲೆ ಕೈಯಿಟ್ಟ. ನೀರು ಎಂಬ ಮಾತು ಕೇಳಿದ್ದೇ ರೇಣುಕಪ್ಪ ಮುಂದೆ ಬಂದ. ನಾನು ಹೊಲಿದ ಕೋಟು ಹಾಕಿದ್ದ, ತಲೆಗೆ ಟೋಪಿ, ಕಂಕುಳಲ್ಲಿ ಬಾವುಟ. "ನೀರಿನ ವಿಚಾರ ನನಗೆ ಬಿಡಿ," ಎಂದ. ದಾಕ್ಷಾಯಣಮ್ಮ ಕಣ್ಣು ಮುಚ್ಚಿಕೊಂಡಳು.

ಇಲ್ಲಿ ರೇಣುಕಪ್ಪನ ಕಸುಬು ಹೇಳಬೇಕು. ಅವನು ಚೇಣಿ ವ್ಯಾಪಾರಿ. ಬೇರೆಯವರ ತೋಟದ ಹಸಿ ಅಡಿಕೆ ಕೊಂಡು, ಸುಲಿಸಿ, ದೊಡ್ಡ ಹಂಡೆಯಲ್ಲಿ ಬೇಯಿಸಿ, ಒಣಗಿಸಿ ಮಾರುತ್ತಾನೆ. ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಗಟ್ಟಿ ಕಷಾಯಕ್ಕೆ ಚೊಗರು ಎನ್ನುತ್ತೇವೆ. ಅಡಿಕೆಗೆ ಬಣ್ಣ ಕೊಡುವುದು ಅದು, ಹಾಗಾಗಿ ಅದನ್ನು ಚೆಲ್ಲದೆ, ನೀರು ತುಂಬುವಂಥದ್ದೇ ನೀಲಿ ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಬಟ್ಟೆಗೆ ಬಿದ್ದರೆ ಬಟ್ಟೆ ಹರಿದು ಚಿಂದಿಯಾದ ಮೇಲೂ ಆ ಚಿಂದಿಯಲ್ಲಿ ಕಲೆ ಇರುತ್ತದೆ. ದರ್ಜಿಯಾಗಿ ನಾನು ಭಯಪಡುವ ವಸ್ತು ಲೋಕದಲ್ಲಿ ಅದೊಂದೇ.

ರೇಣುಕಪ್ಪ ಫೋನು ತೆಗೆದು ಅಡಿಕೆ ಬೇಯಿಸುವ ಚಪ್ಪರದಲ್ಲಿದ್ದ ತನ್ನ ಆಳು ರಂಗಪ್ಪನಿಗೆ ಹೇಳಿದ: "ನೀಲಿ ಡ್ರಮ್ಮು ಎರಡು ಪಿಕಪ್‌ಗೆ ಹಾಕಿ ಕಳಿಸು. ಅರ್ಜೆಂಟು."

ಸ್ಪೀಕರ್ ಹಾಕಿದ್ದರಿಂದ ರಂಗಪ್ಪನ ಉತ್ತರ ನಮಗೆಲ್ಲ ಕೇಳಿಸಿತು. "ಯಾವ ನೀಲಿ ಡ್ರಮ್ಮು ಅಣ್ಣ?"

"ತುಂಬಿದ್ದು ಮಾರಾಯ! ಖಾಲಿ ಡ್ರಮ್ಮು ತಗೊಂಡು ನಾನೇನು ಬಾರಿಸ್ಲಾ?"

ಕೊಯ್ಲಿನ ಭರದಲ್ಲಿ ಚೇಣಿ ವ್ಯಾಪಾರಿಯ ಚಪ್ಪರದಲ್ಲಿ ತುಂಬಿರುವ ಡ್ರಮ್ಮು ಯಾವುದು, ಖಾಲಿಯಾಗಿರುವ ಡ್ರಮ್ಮು ಯಾವುದು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ರಂಗಪ್ಪ ಹೇಳಿದ ಕೆಲಸ ಮಾಡುವವನು, ತುಂಬಿದ್ದನ್ನೇ ಕಳಿಸಿದ. ಡ್ರಮ್ಮಿನ ಮುಚ್ಚಳದ ತೂತಿಗೆ ಪೈಪು ತೂರಿಸಿ, ಇನ್ನೊಂದು ತುದಿಯನ್ನು ಎಂಜಿನ್ನಿನ ಟ್ಯಾಂಕಿಗೆ ಬಿಟ್ಟರು. ಒಳಗೆ ಹೋದದ್ದು ಯಾವ ಬಣ್ಣದ್ದು ಎಂದು ಕಾಣುವ ಹಾಗಿರಲಿಲ್ಲ. ಆಗಲೇ ರೇಣುಕಪ್ಪ ಫೋಟೋಕ್ಕೆಂದು ನಲವತ್ತೆರಡನ್ನೂ ಮೀರಿ ಎದೆ ಉಬ್ಬಿಸಿದ್ದರಿಂದ ಕೋಟಿನ ಗುಂಡಿ ಕಿತ್ತುಹೋಗಿತ್ತು, ನಾನು ಬಾಯಲ್ಲಿ ದಾರ ಕಚ್ಚಿಕೊಂಡು ಅದನ್ನು ಹೊಲಿಯುತ್ತಿದ್ದೆ.

ಟ್ಯಾಂಕಿನ ನೀರು ಬಾಯ್ಲರಿಗೆ ಹೋಯಿತು. ವಿಘ್ನೇಶ ಬೆಂಕಿ ಜೋರು ಮಾಡಿದ. ಉಗಿ ಏರತೊಡಗಿತು. ಅದರೊಡನೆ ಗಾಳಿಯಲ್ಲಿ ಒಂದು ವಾಸನೆ.

ಮಲೆನಾಡಿನವರಿಗೆ ಆ ವಾಸನೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ತಾಲ್ಲೂಕಿನ ಹೆಸರಿಗೆ ಜಗಳ ಆಡುತ್ತಿದ್ದವರೆಲ್ಲ ಮಾತು ನಿಲ್ಲಿಸಿ ಮೂಗು ಮೇಲೆತ್ತಿದರು.

"ಯಾರದ್ದೋ ಮನೇಲಿ ಅಡಿಕೆ ಬೇಯ್ತಾ ಇದೆ," ಎಂದರು ಕೊಪ್ಪದ ಒಬ್ಬರು.

"ಎಳೇ ಕಾಯಿ," ಎಂದ ತಿಮ್ಮಪ್ಪ, ಕಣ್ಣು ಮುಚ್ಚಿ.

"ಕಾಯಿ ಇಲ್ಲ ಅದ್ರಲ್ಲಿ. ಬರೀ ಚೊಗರು ಕಾಯ್ತಾ ಇದೆ. ಹೋದ ವರ್ಷದ ಹಳೇ ಚೊಗರು," ಎಂದು ಬೇಗಾರಿನ ಒಬ್ಬ ಹಿರಿಯರು ತೀರ್ಪು ಕೊಟ್ಟರು.

ರೇಣುಕಪ್ಪ ಆಳವಾಗಿ ಉಸಿರೆಳೆದುಕೊಂಡ. ಗುಂಡಿ ಮತ್ತೆ ಹಾರುತ್ತದೆಂದು ನಾನು ಹೆದರಿದೆ. ಅವನ ಮುಖದಲ್ಲಿ ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನಿಗೆ ಕೊಡುವ ಮರ್ಯಾದೆ ಮೂಡಿತು. "ಯಾರೋ ಪಳಗಿದ ಕೈ," ಎಂದ. "ನಂದೇ ಹದ. ಥೇಟ್ ನಂದೇ."

ದಾಕ್ಷಾಯಣಮ್ಮ ಮಾತ್ರ ಮೊದಲು ಎಂಜಿನ್ನಿನ ಚಿಮಣಿ ನೋಡಿದಳು, ಆಮೇಲೆ ಪಿಕಪ್ಪಿನ ಮೇಲಿದ್ದ ನೀಲಿ ಡ್ರಮ್ಮು ನೋಡಿದಳು. "ರೀ, ಸ್ವಲ್ಪ ಇಲ್ಲಿ ಬನ್ನಿ," ಎಂದಳು.

"ಡ್ಯೂಟಿ ಮೇಲಿದೀನಿ," ಎಂದ ಗಾರ್ಡು.

ಅದೇ ಹೊತ್ತಿಗೆ ಸಾಹೇಬರು ಎಂಜಿನ್ನಿನ ಎದುರು ಹೋಗಿ ನಿಂತು, "ಎಲ್ಲಿ, ಒಂದು ಸೀಟಿ ಹಾಕಿ ನೋಡೋಣ" ಎಂದರು. ವಿಘ್ನೇಶ ಸರಪಳಿ ಎಳೆದ.

ಕೂ ಎನ್ನಬೇಕಾದ ಸೀಟಿ ಗೊಳಗೊಳ ಎಂದಿತು, ಬೆಳಿಗ್ಗೆ ಬಚ್ಚಲಲ್ಲಿ ಹಿರಿಯರು ಬಾಯಿ ಮುಕ್ಕಳಿಸುವ ಹಾಗೆ. ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಸೀಟಿಯಿಂದಲೂ ಚಿಮಣಿಯಿಂದಲೂ ಕೆಂಪು ನೊರೆ ಬುಸ್ಸೆಂದು ಮೇಲಕ್ಕೆ ಹಾರಿ, ಆಕಾಶದಲ್ಲಿ ಸ್ವಲ್ಪ ತಣಿದು, ಮೂರು ತಾಲ್ಲೂಕಿನ ಮೇಲೂ ಯಾವ ಭೇದಭಾವವಿಲ್ಲದೆ ಸುರಿಯಿತು.

ಅವತ್ತು ಗಂಡಸರೆಲ್ಲ ಬಿಳಿ ಪಂಚೆ ಉಟ್ಟು ಬಂದಿದ್ದರು. ನಾನು ಹೊಲಿದ ಅಂಗಿಗಳೇ ಎಷ್ಟೋ ಇದ್ದವು. ನನ್ನ ಕಣ್ಣೆದುರೇ ಒಂದೊಂದಾಗಿ ಕಂದಿದವು. ಸಾಹೇಬರ ಅಂಗಿಯಲ್ಲಿ ಬಿಳಿ ಜಾಗ ಉಳಿದದ್ದು ಕಂಕುಳಲ್ಲಿ ಮಾತ್ರ.

"ಎಂಜಿನ್ನಿಗೆ ರಕ್ತವಾಂತಿ ಆಗ್ತಿದೆ ಸಾರ್!" ಎಂದು ವಿಘ್ನೇಶ ಕೂಗಿ, ಬೆಂಕಿ ಎಳೆದು ಹೊರಗೆ ಹಾಕತೊಡಗಿದ. ತಿಮ್ಮಪ್ಪ ಹಳಿಯ ಮೇಲೆ ಕುಸಿದು ಕೂತ. "ಲಾರಿ ಕರೀರಿ. ಮುಗೀತು," ಎಂದ. ಲಾರಿಯವನು ನಿಜವಾಗಿಯೂ ಹಗ್ಗ ಬಿಚ್ಚಲು ಹೊರಟ.

ಸಾಹೇಬರು ಕನ್ನಡಕ ತೆಗೆದರು. ಕೆನ್ನೆಯ ಮೇಲಿದ್ದುದನ್ನು ಬೆರಳಿನಲ್ಲಿ ಒರೆಸಿ, ನಾಲಗೆಗೆ ಮುಟ್ಟಿಸಿ, ಮುಖ ಕಿವುಚಿ ಉಗಿದರು. "ಯಾರು ಇದನ್ನ ಹಾಕಿದ್ದು?"

ಜನ ಎರಡು ಭಾಗವಾಗಿ ದಾರಿ ಬಿಟ್ಟರು. ದಾರಿಯ ಆ ತುದಿಯಲ್ಲಿ ರೇಣುಕಪ್ಪ ಒಬ್ಬನೇ ಉಳಿದ. ಹೆದರಿದಾಗ ಮನುಷ್ಯ ಏನು ಕಾಪಾಡಿಕೊಳ್ಳುತ್ತಾನೆ ಎಂಬುದು ವಿಚಿತ್ರ. ಅವನು ಕೈಮುಗಿದು ಹೇಳಿದ: "ಶುದ್ಧ ಚೊಗರು ಸಾರ್. ಬರೀ ಅಡಿಕೆದು. ಕಲಬೆರಕೆ ಇಲ್ಲ, ಯಾರನ್ನ ಬೇಕಾದ್ರೂ ಕೇಳಿ."

"ಕಲಬೆರಕೆ ಇಲ್ಲ," ಎಂದು ಬೇಗಾರಿನ ಹಿರಿಯರು ಸಾಕ್ಷಿ ನುಡಿದರು.

ಸಾಹೇಬರ ತುಟಿ ನಡುಗಿತು. ಸಿಟ್ಟೆಂದು ನಾವೆಲ್ಲ ತಿಳಿದೆವು. ಅವರು ನಗು ತಡೆಯುತ್ತಿದ್ದರು. ತಡೆಯಲಾಗದೆ ಎಂಜಿನ್ನಿಗೆ ಒರಗಿ ನಗತೊಡಗಿದರು, ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮೇಲೆ ಎರಡು ಬಿಳಿ ಗೆರೆ ಬಿದ್ದವು. "ಹಳೇ ಕಾಲದಲ್ಲಿ ಇಂಥ ಎಂಜಿನ್ನಿಗೆ ಮರದ ತೊಗಟೆ ರಸ ಹಾಕ್ತಿದ್ರು ರೀ. ಬಾಯ್ಲರ್ ಒಳಗೆ ಸುಣ್ಣ ಕಟ್ಟಬಾರದು ಅಂತ. ಹೆಚ್ಚುಕಮ್ಮಿ ಇದೇ ಒಗರು. ಆದ್ರೆ ಅವರು ಅಳತೆ ಮಾಡಿ ಚಮಚದಲ್ಲಿ ಹಾಕ್ತಿದ್ರು. ನೀವು ಡ್ರಮ್ಮಲ್ಲಿ ಹಾಕಿದೀರಿ."

ಮುಳುಗುತ್ತಿದ್ದ ರೇಣುಕಪ್ಪನಿಗೆ ಹಗ್ಗದ ತುದಿ ಸಿಕ್ಕಿತು. ಅಷ್ಟನ್ನೇ ಹಿಡಿದು ದಡ ಸೇರಿದ್ದರೆ ಅವನು ರೇಣುಕಪ್ಪ ಹೇಗಾಗುತ್ತಿದ್ದ? "ಅದೇ ಸಾರ್! ನಮ್ಮಜ್ಜ ಗಾರ್ಡ್ ಆಗಿದ್ದಾಗಲೂ ಇದನ್ನೇ..."

"ನಿಮ್ಮಜ್ಜ ಸಿಗ್ನಲ್ ಕಂಬಕ್ಕೆ ಎಮ್ಮೆ ಕಟ್ತಿದ್ರು!" ಎಂದರು ತಂಗಿಯ ಜೊತೆ ಬಂದಿದ್ದ ಯಮುನಮ್ಮ. ಅವರ ರೇಷ್ಮೆ ಸೀರೆ ಹಾಳಾಗಿತ್ತು, ಇನ್ನು ಯಾವ ಗುಟ್ಟನ್ನೂ ಕಾಯುವ ಹಂಗು ಅವರಿಗಿರಲಿಲ್ಲ.

ತಿಮ್ಮಪ್ಪ ಹಳಿಯಿಂದ ಮೆಲ್ಲಗೆ ಎದ್ದ. "ಎಮ್ಮೆನಾ?" ಎಂದು ಕೇಳಿದ. ರೇಣುಕಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕೋಟಿನೊಳಗೆ ಅವನ ಎದೆ ಮೂವತ್ತೆಂಟಕ್ಕಿಂತಲೂ ಕೆಳಗೆ ಇಳಿದದ್ದನ್ನು ನಾನು ಕಂಡೆ.

"ಒಂದೇ ಎಮ್ಮೆ," ಎಂದ, ಸಣ್ಣ ದನಿಯಲ್ಲಿ.

ತಿಮ್ಮಪ್ಪ ಅವನ ಕೈಯಲ್ಲಿದ್ದ ಟೋಪಿ ನೋಡಿದ. "ನಮ್ಮಜ್ಜ ಆ ರೈಲನ್ನ ಕಣ್ಣಲ್ಲೂ ಕಂಡವರಲ್ಲ ಮಾರಾಯ. ನಿಮ್ಮಜ್ಜ ಅದರ ಕಂಬ ಮುಟ್ಟಿದವರು. ನನಗೆ ಅಷ್ಟು ಸಾಕು. ಟೋಪಿ ಹಾಕ್ಕೊ," ಎಂದ. ಅಡ್ಡಗದ್ದೆಯವರನ್ನು ಇನ್ನು ಹೊಲಿಗೆಗೆ ಕಾಯಿಸಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ಸಾಹೇಬರು ಅಪ್ಪಣೆ ಕೊಟ್ಟರು. ಎಂಜಿನ್ ಆರಬೇಕು, ಒಳಗಿನದ್ದೆಲ್ಲ ಹೊರಗೆ ಬಿಡಬೇಕು, ತಿಳಿನೀರಿನಲ್ಲಿ ತೊಳೆದು ಮತ್ತೆ ತುಂಬಬೇಕು. "ಬೆಳಕಿರೋವಾಗಲೇ ಆದ್ರೆ ಓಡಿಸಿ ನೋಡಿಯೇ ಹೋಗ್ತೀನಿ. ಈ ಅಂಗೀಲಿ ನಾನು ಬೇರೆಲ್ಲಿಗೂ ಹೋಗೋ ಹಾಗಿಲ್ಲವಲ್ಲ," ಎಂದರು.

ಕರೆಂಟು ಇನ್ನೂ ಬಂದಿರಲಿಲ್ಲ. ಹಳ್ಳ ಇದ್ದದ್ದು ಇಳಿಜಾರಿನ ಕೆಳಗೆ. ಸಂಭ್ರಮಕ್ಕೆಂದು ಮಾಡಿಸಿದ್ದ ಊಟವನ್ನು ದುಃಖದಲ್ಲೇ ಉಂಡು ಮುಗಿಸಿ, ಊಟದ ಪಾತ್ರೆಗಳನ್ನೇ ಹಿಡಿದು ಜನ ಹಳ್ಳದಿಂದ ಎಂಜಿನ್ನಿನವರೆಗೆ ಸಾಲಾಗಿ ನಿಂತರು. ಕೊಪ್ಪದವರ ಕೊಡ ಶೃಂಗೇರಿಯವರ ಕೈಗೆ, ಅಲ್ಲಿಂದ ನಮ್ಮ ಕೈಗೆ. ಹೆಸರಿನ ಜಗಳ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಟ್ಟೆಯೂ ಒಂದೇ ಬಣ್ಣ ಆಗಿದ್ದರಿಂದ ಯಾರು ಯಾವ ತಾಲ್ಲೂಕು ಎಂದು ಹೇಳುವುದೂ ಕಷ್ಟವಾಗಿತ್ತು. ಇಷ್ಟು ಜನ ಒಂದು ಎಂಜಿನ್ನಿಗೆ ನೀರು ಹೊತ್ತದ್ದನ್ನು ನೋಡಲು ನಾನು ಬದುಕಿದ್ದೆನಲ್ಲ ಎಂದು ನನಗೆ ಸಂತೋಷವಾಯಿತು.

ಆ ನಡುವೆ ದಾಕ್ಷಾಯಣಮ್ಮ ಸಾಹೇಬರ ಹತ್ತಿರ ಹೋಗಿ, "ಇದರ ಕಲೆ ಹೋಗಲ್ಲ ಸಾರ್. ಅಂಗೀನೇ ಪೂರ್ತಿ ಅದ್ದಿಬಿಡಿ, ಕಲೆಯೇ ಕಾಣಲ್ಲ" ಎಂದಳು. ಡ್ರಮ್ಮಿನ ತಳದಲ್ಲಿ ಉಳಿದಿದ್ದ ಚೊಗರಿನಲ್ಲಿ ಅಂಗಿ ಅದ್ದಿದಳು. ನಾನು ಬೇರೆ ಕಡೆ ತಿರುಗಿ ನಿಂತೆ. ಮತ್ತೆ ಈ ಕಡೆ ತಿರುಗಿದಾಗ ಅದು ಬೆಚ್ಚನೆಯ ಬಾಯ್ಲರಿನ ಮೇಲೆ ಒಣಗುತ್ತಿತ್ತು. ಅಂಥ ಕಾವಿಗೆಂಪು ನಾನು ಯಾವ ಬಟ್ಟೆಯ ಥಾನಿನಲ್ಲೂ ನೋಡಿಲ್ಲ. ತಿಮ್ಮಪ್ಪನ ಟವೆಲು ಹೊದ್ದು ಕೂತಿದ್ದ ಸಾಹೇಬರು ಅದನ್ನು ತೊಟ್ಟು, ಎಂಜಿನ್ನಿನ ಹಿತ್ತಾಳೆಯಲ್ಲಿ ತಮ್ಮ ಪ್ರತಿಬಿಂಬ ನೋಡಿಕೊಂಡು, "ಪ್ಯಾಂಟನ್ನೂ ಕೊಡಬಹುದಿತ್ತು" ಎಂದರು.

ಮುಂದೆ ಸಾಹೇಬರು ಒಪ್ಪಿಗೆ ಕೊಟ್ಟರು, ಲಾರಿ ಖಾಲಿ ಹೋಯಿತು, ಎಂಜಿನ್ ನಮ್ಮಲ್ಲೇ ಉಳಿಯಿತು. ಅದನ್ನೆಲ್ಲ ಈಗಲೇ ಹೇಳಿಬಿಡುತ್ತೇನೆ. ನಾನು ಹೇಳಬೇಕೆಂದು ಕೂತದ್ದು ಆ ಓಟದ ವಿಷಯ.

ಸಂಜೆಯ ಬಿಸಿಲು ಮರದ ನೆತ್ತಿಗೆ ಏರಿದ್ದಾಗ ಉಗಿ ಮತ್ತೆ ಸಿದ್ಧವಾಯಿತು. ಜನ ಡಬ್ಬಿಗೆ ಹತ್ತಿದರು. ನನಗೆ ಕೊನೆಯ ಡಬ್ಬಿಯಲ್ಲಿ ಸಾಹೇಬರ ಪಕ್ಕ ಜಾಗ ಸಿಕ್ಕಿತು. ಹಿಂದುಗಡೆಯ ಮೆಟ್ಟಿಲ ಮೇಲೆ ಗಾರ್ಡ್ ರೇಣುಕಪ್ಪ. ಕಂಬಿಯ ಪಕ್ಕದ ಸೀಟಿನಲ್ಲಿ ಚೊಗರಿನ ಕಲೆಯ ನಡುವೆಯೂ ಪಾಚಿ ಬಣ್ಣ ಗುರುತು ಸಿಗುತ್ತಿದ್ದ ರೇಷ್ಮೆ ಸೀರೆಯ ಹೆಂಗಸು ಅವನಿಗೆ ಬೆನ್ನು ಹಾಕಿ ಕೂತಿದ್ದಳು. ರೇಣುಕಪ್ಪ ಆ ಸೀರೆ ನೋಡಿದ.

"ಹತ್ತಿದಾಳೆ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಮುಖ ಬೆಳಗುತ್ತಿತ್ತು. ಹಸಿರು ಬಾವುಟ ಬೀಸಿದ. ರೈಲು ಹೊರಟಿತು.

ಅಕ್ಕತಂಗಿಯರು ಒಂದೇ ಅಂಗಡಿಯಲ್ಲಿ, ಒಂದೇ ಬಣ್ಣದ ಸೀರೆ ಕೊಂಡಿದ್ದರು. ರವಿಕೆ ಎರಡನ್ನೂ ಹೊಲಿದವನು ನಾನೇ. ಬೆನ್ನಿನ ಹೊಲಿಗೆ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ದಾಕ್ಷಾಯಣಮ್ಮನ ರವಿಕೆ ಅಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಹೆಂಗಸು ತಿರುಗಿದರು. ಯಮುನಮ್ಮ.

"ದಾಕ್ಷಿ ಎಲ್ಲಿ?" ಎಂದರು.

ಟ್ಯಾಂಕಿಗೆ ಇನ್ನೊಂದು ಕೊಡ ಬೇಕೆಂದು ವಿಘ್ನೇಶ ಸ್ವಲ್ಪ ಮುಂಚೆ ಕೂಗಿದ್ದ. ಹತ್ತಿರ ಇದ್ದವಳು ಅವಳು, ತರಲು ಹೋಗಿದ್ದಳು. ಇಳಿಜಾರಿನಿಂದ ಈಗ ಮೇಲೆ ಬಂದಳು, ಸೊಂಟದ ಮೇಲೆ ತುಂಬಿದ ಕೊಡ. ರೈಲು ಹೋಗುವುದನ್ನು ನೋಡಿ ನಿಂತಳು. ಕೂಗಲಿಲ್ಲ, ಕೈಯೆತ್ತಲಿಲ್ಲ. ಹರಿಹರದ ಆಚೆಯ ಆ ಸ್ಟೇಷನ್ನಿನಲ್ಲಿ ಅವಳ ಮುಖ ಹೇಗಿತ್ತೋ ನಾನು ಕಂಡವನಲ್ಲ. ಹೀಗೇ ಇದ್ದಿರಬೇಕು.

ರೇಣುಕಪ್ಪ ಕೆಂಪು ಬಾವುಟಕ್ಕೆ ತಡಕಾಡಿದ. ಅದಕ್ಕೆಂದೇ ನಾನು ಕೋಟಿನ ಒಳಗೆ ಜೇಬು ಇಟ್ಟಿದ್ದೆ. ದೊಡ್ಡ ಕೋಟು, ಜೇಬು ಬೆನ್ನ ಕಡೆ ತಿರುಗಿಕೊಂಡಿತ್ತು, ಕೈಗೆ ಸಿಗಲಿಲ್ಲ. ಅವನು ಒಂದು ಸಲ ಅವಳನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ. ಆಮೇಲೆ ಕೆಳಗೆ ಹಾರಿದ. ರೈಲು ನಡೆಯುವ ವೇಗದಲ್ಲಿತ್ತು, ಏಟೇನೂ ಆಗಲಿಲ್ಲ, ಟೋಪಿ ಮಾತ್ರ ಉರುಳಿಹೋಯಿತು. ಹಳಿಯ ಮೇಲೆ ಎಡವುತ್ತಾ ಓಡಿ ಹೋಗಿ ಅವಳ ಪಕ್ಕ ನಿಂತ.

"ಎಂತಕ್ಕೆ ಇಳಿದ್ರಿ? ರೈಲು ಹೋಯ್ತಲ್ಲ," ಎಂದಳಂತೆ ಅವಳು.

"ಹೋಗ್ಲಿ."

"ನೀವು ಗಾರ್ಡು."

"ಹೌದು," ಎಂದನಂತೆ ಅವನು, ಏದುಸಿರು ಬಿಡುತ್ತಾ.

ಇತ್ತ ಡಬ್ಬಿಯಲ್ಲಿ ಸಾಹೇಬರು ಸುತ್ತ ನೋಡಿದರು. "ಗಾರ್ಡ್ ಎಲ್ಲಿ?"

"ಇಳಿದ ಸಾರ್. ಹೆಂಡತಿ ಹಿಂದೆ ಉಳಿದಳು," ಎಂದೆ.

"ಗಾರ್ಡ್ ಇಲ್ದೆ ಗಾಡಿ ಒಂದು ಹೆಜ್ಜೆ ಮುಂದೆ ಹೋಗೋ ಹಾಗಿಲ್ಲ! ನಿಲ್ಸಿ!" ಎಂದು ಅವರು ಎದ್ದು ಗುಡುಗಿದರು. ಡಬ್ಬಿಯಿಂದ ಡಬ್ಬಿಗೆ ಕೂಗು ದಾಟಿ, ತಿರುವಿನಲ್ಲಿ ಎಂಜಿನ್ ನಿಂತಿತು. ವಿಘ್ನೇಶ ಕತ್ತು ಹೊರಗೆ ಹಾಕಿದ. ಸಾಹೇಬರು ಆ ಕೆಂಪು ತೋಳನ್ನು ಹಿಂದಕ್ಕೆ ಬೀಸಿ, "ವಾಪಸ್ ತಗೊಳ್ರಿ! ಅವರಿಬ್ಬರನ್ನೂ ಹತ್ತಿಸ್ಕೊಂಡು ಹೋಗೋಣ" ಎಂದರು.

ಎಂಜಿನ್ ಸೀಟಿ ಹಾಕಿತು. ಈ ಸಲ ಗೊಳಗೊಳ ಇಲ್ಲ, ಗುಡ್ಡಕ್ಕೆ ಬಡಿದು ಮರಳಿ ಬರುವಂಥ ನಿಚ್ಚಳವಾದ ಕೂ. ಮೂರು ತಾಲ್ಲೂಕಿನ ಜನರನ್ನು ಹೊತ್ತುಕೊಂಡು ರೈಲು ಹಿಮ್ಮುಖವಾಗಿ, ಒಂದು ಹೆಂಗಸಿಗಾಗಿ, ಬಂದ ದಾರಿಯಲ್ಲೇ ವಾಪಸಾಯಿತು. ಅವಳು ನಿಂತಲ್ಲೇ ನಿಂತಿದ್ದಳು. ನಮ್ಮ ಮೆಟ್ಟಿಲು ಸರಿಯಾಗಿ ಅವಳ ಕಾಲ ಹತ್ತಿರ ಬಂದು ನಿಂತಿತು. ಯಮುನಮ್ಮ ಸರಿದು ಜಾಗ ಬಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡರು.

ರೇಣುಕಪ್ಪ ಮೊದಲು ಕೊಡ ಹತ್ತಿಸಿದ, ಆಮೇಲೆ ಕೈಹಿಡಿದು ಅವಳನ್ನು ಹತ್ತಿಸಿದ, ಕೊನೆಗೆ ತಾನು ಹತ್ತಿದ. ಸಾಹೇಬರಿಗೆ ಕೈಮುಗಿದ. ತಿಮ್ಮಪ್ಪನಿಗೆ, ವಿಘ್ನೇಶನಿಗೆ, ಎಂಜಿನ್ನಿಗೆ ಮುಗಿದ. ನನಗೂ ಮುಗಿದ, ನಾನೇನು ಮಾಡಿದ್ದೆನೋ ಗೊತ್ತಿಲ್ಲ. "ನಿಮ್ಮೆಲ್ಲರ ಋಣ..." ಎಂದು ಶುರು ಮಾಡಿದ, ಮುಂದೆ ಮಾತು ಹೊರಡಲಿಲ್ಲ. ಮಾತು ಬಾರದ ರೇಣುಕಪ್ಪನನ್ನು ನಾನು ಅವತ್ತೇ ಮೊದಲು ನೋಡಿದ್ದು.

ದಾಕ್ಷಾಯಣಮ್ಮ ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವನು ಬಾವುಟ ಬೀಸುವುದನ್ನು ನೋಡಿದಳು. ರೈಲು ಕದಲಿತು. ಎರಡೂ ಬದಿಗೆ ಕಾಡು ಹಿಂದೆ ಸರಿಯತೊಡಗಿತು. ಓಡಿ ಬಂದವನ ಏದುಸಿರು ಇನ್ನೂ ಇಳಿದಿರಲಿಲ್ಲ.

"ನೀರು ಬೇಕಾದ್ರೆ ಕೇಳಿ," ಎಂದಳು. "ಇಲ್ಲೇ ಇದೆ. ಇಳೀಬೇಡಿ."

ರೇಣುಕಪ್ಪ ಬಾವುಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಗ್ಗಿ, ಅವಳ ಮುಂದೆ ಬೊಗಸೆ ಒಡ್ಡಿದ.